ಮುಂಬಯಿ ಪಾಲಿಕೆಯ ಬಜೆಟ್ಟು: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಕನ್ನಡಿಗರ ಭಾನುವಾರದ ಕಾರ್ಯಕ್ರಮ ಮುಗಿದು ಕೈಗೆ ಚಹಾದ ಲೋಟ ಬಂತೆಂದರೆ ಸಾಕು, ಯಾರಾದರೊಬ್ಬರು ಬಿಲ್ಲೋ ನೋಟೀಸೋ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂರುತ್ತಾರೆ. ಹಗಲು ನಾನು ನಾಲ್ಕೈದು ಹೋಟೆಲುಗಳ ಲೆಕ್ಕ ಬರೆಯುವವನು, ಸಂಜೆ ನಮ್ಮ ಹೌಸಿಂಗ್ ಸೊಸೈಟಿಯ ಖಜಾಂಚಿ. ಅಷ್ಟಕ್ಕೇ ‘ಪಾಲಿಕೆ ವಿಷಯ ಇವರಿಗೆ ಗೊತ್ತು’ ಎಂಬ ಹೆಸರು ಅಂಟಿಕೊಂಡಿದೆ. ಹೇಳಿದ್ದನ್ನೇ ಹೇಳಿ ಗಂಟಲು ಒಣಗಿದ ಮೇಲೆ ಇದನ್ನು ಬರೆದಿಟ್ಟೆ. ಇಲ್ಲಿನ ಅಂಕಿಗಳು ಹೆಚ್ಚಾಗಿ 2025-26ರ ಬಜೆಟ್ಟಿನವು. ಆ ವರ್ಷವನ್ನು ಬೇಕೆಂದೇ ಆರಿಸಿಕೊಂಡಿದ್ದೇನೆ, ಕಾರಣ ಮುಂದೆ ಬರುತ್ತದೆ.

ದೇಶದಲ್ಲೇ ಶ್ರೀಮಂತ ಪಾಲಿಕೆ ಅಂತಾರಲ್ಲ, ಎಷ್ಟಪ್ಪಾ ದುಡ್ಡು?

2025ರ ಫೆಬ್ರುವರಿ 4ರಂದು ಹೊರಬಂದ ಬಜೆಟ್ಟಿನ ಗಾತ್ರ 74,427 ಕೋಟಿ ರೂಪಾಯಿ. ಅದೇ ವರ್ಷ ಇಡೀ ಗೋವಾ ರಾಜ್ಯದ ಬಜೆಟ್ಟು 28 ಸಾವಿರ ಕೋಟಿಯ ಆಸುಪಾಸು. 2011ರ ಜನಗಣತಿಯ 1.24 ಕೋಟಿ ಜನರಿಗೆ ಹಂಚಿದರೆ ತಲೆಗೆ ಸುಮಾರು 60 ಸಾವಿರ ರೂಪಾಯಿ ಬೀಳುತ್ತದೆ. ಜನ ಅಲ್ಲಿಂದೀಚೆಗೆ ಬೆಳೆದಿದ್ದಾರೆ, ಹಾಗಾಗಿ ಈ ಭಾಗಾಕಾರ ಬರೀ ಅಂದಾಜಿಗೆ.

ಅದಕ್ಕಿಂತ ಗಮನಿಸಬೇಕಾದದ್ದು ಬೆಳೆದ ವೇಗ. 2022-23ರಲ್ಲಿ 45,949 ಕೋಟಿ, 2023-24ರಲ್ಲಿ 52,619 ಕೋಟಿ, 2024-25ರಲ್ಲಿ 59,954 ಕೋಟಿ, ಆಮೇಲೆ ಈ 74 ಸಾವಿರ. ಮೂರು ವರ್ಷದಲ್ಲಿ ಅರವತ್ತು ಪರ್ಸೆಂಟಿಗೂ ಮಿಗಿಲು. ನಮ್ಮ ಹೋಟೆಲ್ ಮಾಲಕರು ಯಾರಾದರೂ ಇಂಥ ಲೆಕ್ಕ ತೋರಿಸಿದರೆ ‘ಆದಾಯ ಎಲ್ಲಿಂದ ಬಂತು’ ಎಂದು ನಾನು ಮೊದಲು ಕೇಳುತ್ತೇನೆ.

ಬೆಂಗಳೂರಿನದ್ದು ಇದರ ಮುಂದೆ ಏನೂ ಅಲ್ಲ ಅಂತ ಊರಿಗೆ ಹೋದಾಗ ಹೇಳಬಹುದಾ?

ಹೇಳಬಹುದು, ಆದರೆ ಅರ್ಧ ಸತ್ಯವಾಗುತ್ತದೆ. ಬಿಬಿಎಂಪಿಯ 2025-26ರ ಬಜೆಟ್ಟು 19,900 ಕೋಟಿ ಚಿಲ್ಲರೆ. (ಆ ವರ್ಷವೇ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ಪಾಲಿಕೆಗಳೂ ಬಂದವು.) ಆದರೆ ಬೆಂಗಳೂರಿನಲ್ಲಿ ನೀರಿನದ್ದು ಜಲಮಂಡಳಿ, ಬಸ್ಸಿನದ್ದು ಬಿಎಂಟಿಸಿ, ಎಲ್ಲ ಬೇರೆ ಬೇರೆ ಮನೆ. ಇಲ್ಲಿ ತುಳಸಿ, ವಿಹಾರ್ ಕೆರೆಗಳಿಂದ ಹಿಡಿದು ದೂರದ ಭಾತ್ಸಾ, ವೈತರಣಾವರೆಗೆ ಏಳು ಜಲಾಶಯಗಳ ನೀರು ತರುವುದೂ ಪಾಲಿಕೆಯೇ, ಕೆಇಎಂ, ಸಾಯನ್, ನಾಯರ್, ಕೂಪರ್ ಆಸ್ಪತ್ರೆಗಳೂ ಅದರವೇ, ಬೆಸ್ಟ್ ಬಸ್ಸೂ ಅದರ ಮಗುವೇ. ಕೂಡುಕುಟುಂಬದ ಅಡುಗೆಮನೆ ಖರ್ಚನ್ನು ಗಂಡಹೆಂಡತಿ ಇಬ್ಬರೇ ಇರುವ ಮನೆಯ ಖರ್ಚಿಗೆ ಹೋಲಿಸಿದ ಹಾಗೆ.

ನಾನು ಡೊಂಬಿವಲಿಯಲ್ಲಿದ್ದೇನೆ. ನನಗೂ ಇದು ಅನ್ವಯವೇ?

ಇಲ್ಲ. ನಿಮ್ಮದು ಕಲ್ಯಾಣ್-ಡೊಂಬಿವಲಿ ಪಾಲಿಕೆ. ಠಾಣೆ, ನವಿ ಮುಂಬಯಿ, ಮೀರಾ-ಭಾಯಂದರ್, ವಸಯಿ-ವಿರಾರ್ ಎಲ್ಲಕ್ಕೂ ಪ್ರತ್ಯೇಕ ಪಾಲಿಕೆಗಳು. ದಹಿಸರ್ ಮತ್ತು ಮುಲುಂಡ್ ಚೆಕ್‌ನಾಕಾ ದಾಟಿದಿರೆಂದರೆ ಬೃಹನ್ಮುಂಬಯಿ ಮುಗಿಯಿತು. ನಮ್ಮ ಅರ್ಧ ಜನ ದಿನವಿಡೀ ಮುಂಬಯಿಯಲ್ಲಿ ದುಡಿದು ರಾತ್ರಿ ಬೇರೆ ಪಾಲಿಕೆಯಲ್ಲಿ ಮಲಗುತ್ತಾರೆ, ರಸ್ತೆಯ ಗುಂಡಿಗಾಗಿ ಮಾತ್ರ ಎರಡೂ ಪಾಲಿಕೆಗಳನ್ನು ಬೈಯುತ್ತಾರೆ.

ಇಷ್ಟು ಹಣ ಬರುವುದೆಲ್ಲಿಂದ? ನಮ್ಮ ಮನೆತೆರಿಗೆಯಿಂದಲೇ?

ಬಹಳ ಜನ ಹಾಗೆಂದುಕೊಂಡಿದ್ದಾರೆ. ಆಸ್ತಿ ತೆರಿಗೆಯಿಂದ ನಿರೀಕ್ಷಿಸಿದ್ದು 5,200 ಕೋಟಿ ಅಷ್ಟೇ. ದೊಡ್ಡ ಬಾಬ್ತು ಬೇರೆಯದೇ ಇದೆ, ಅದರ ಕತೆಯನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು.

ಹಳಬರಿಗೆ ಜಕಾತ್ ನಾಕಾ ನೆನಪಿರುತ್ತದೆ. ಮಂಗಳೂರಿನಿಂದ ತೆಂಗಿನಕಾಯಿ, ಕುಚ್ಚಲಕ್ಕಿ ಹೊತ್ತು ಬಂದ ಲಾರಿ ನಗರದ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತು, ಚೀಟಿ ಹರಿಸಿಕೊಂಡು, ದುಡ್ಡು ಕಟ್ಟಿ ಒಳಗೆ ಬರುತ್ತಿತ್ತು. ಆ ಜಕಾತಿಯೇ ಪಾಲಿಕೆಯ ಜೀವನಾಡಿ. ದಿನದ ದುಡ್ಡು ದಿನವೇ ಗಲ್ಲಾಕ್ಕೆ, ಯಾರ ಮುಂದೆಯೂ ಕೈ ಒಡ್ಡಬೇಕಿರಲಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ನಾಕಾ ಮುಚ್ಚಿತು. ಬದಲಿಗೆ ರಾಜ್ಯ ಸರ್ಕಾರ ಕಾನೂನು ಮಾಡಿ, ತಿಂಗಳಿಗೆ 647.34 ಕೋಟಿಯ ಪರಿಹಾರ, ವರ್ಷಕ್ಕೆ 8 ಪರ್ಸೆಂಟ್ ಏರಿಕೆ ಎಂದು ಗೊತ್ತುಮಾಡಿತು.

ಈಗ ಕ್ಯಾಲ್ಕುಲೇಟರ್ ಹಿಡಿಯಿರಿ. 647.34 ಅನ್ನು ಹನ್ನೆರಡರಿಂದ ಗುಣಿಸಿದರೆ 7,768 ಕೋಟಿ. ಅದರ ಮೇಲೆ ಎಂಟು ಸಲ ಎಂಟು ಪರ್ಸೆಂಟ್ ಏರಿಸಿ. 14,378 ಕೋಟಿ ಬರುತ್ತದೆ. ಬಜೆಟ್ ಪುಸ್ತಕದಲ್ಲಿ ಈ ಸಾಲಿಗೆ ಬರೆದದ್ದು 14,398 ಕೋಟಿ. ಹೆಚ್ಚುಕಡಿಮೆ ಕೂಡಿಬಂತಲ್ಲ! ಲೆಕ್ಕ ಸರಿ ಎಂದು ಖುಷಿಪಡುವಾಗಲೇ ಇನ್ನೊಂದು ಹೊಳೆಯಬೇಕು: ತನ್ನ ಬಾಗಿಲಲ್ಲಿ ತಾನೇ ವಸೂಲು ಮಾಡುತ್ತಿದ್ದ ಪಾಲಿಕೆ ಈಗ ತಿಂಗಳು ತಿಂಗಳು ಮಂತ್ರಾಲಯದ (ಇಲ್ಲಿ ರಾಜ್ಯ ಸರ್ಕಾರದ ಸಚಿವಾಲಯಕ್ಕೆ ಹಾಗೆನ್ನುತ್ತಾರೆ) ಚೆಕ್ಕಿಗೆ ಕಾಯುತ್ತದೆ. ಸ್ವಂತ ಅಂಗಡಿ ಇದ್ದವನು ಸಂಬಳಕ್ಕೆ ಸೇರಿದಂತೆ.

ಉಳಿದದ್ದರಲ್ಲಿ ದೊಡ್ಡದು ಕಟ್ಟಡ ಕಟ್ಟುವವರಿಂದ ಬರುವ ಪ್ರೀಮಿಯಂ (ಹೆಚ್ಚು ಕಟ್ಟುವ ಅನುಮತಿಗೆ ಕೊಡುವ ದುಡ್ಡು) ಮತ್ತು ಅಭಿವೃದ್ಧಿ ಶುಲ್ಕ. ನಮ್ಮ ಸುತ್ತ ಹಳೆಯ ಬಿಲ್ಡಿಂಗುಗಳು ಉರುಳಿ ನಲವತ್ತು ಮಾಳಿಗೆ ಏಳುತ್ತಿವೆಯಲ್ಲ, ಆ ಒಂದೊಂದು ಮಾಳಿಗೆಯಲ್ಲೂ ಪಾಲಿಕೆಗೆ ಪಾಲಿದೆ. ರಿಯಲ್ ಎಸ್ಟೇಟ್ ಸೀನಿದರೆ ಪಾಲಿಕೆಗೆ ನೆಗಡಿ.

ಮನೆ 500 ಚದರ ಅಡಿಯೊಳಗೇ ಇದೆ. ಆದರೂ ತೆರಿಗೆ ಬಿಲ್ ಏಕೆ ಬರುತ್ತದೆ?

2022ರ ಜನವರಿಯಿಂದ 500 ಚದರ ಅಡಿವರೆಗಿನ ವಾಸದ ಮನೆಗಳಿಗೆ ಆಸ್ತಿ ತೆರಿಗೆ ಪೂರ್ತಿ ಮಾಫಿ. ಹೀಗೆ ಬಚಾವಾದ ಮನೆಗಳು ಸುಮಾರು 16 ಲಕ್ಷ. ಅದಕ್ಕೂ ಮೊದಲು, 2019ರ ತೀರ್ಮಾನದಲ್ಲಿ, ಮಾಫಿಯಾದದ್ದು ‘ಸಾಮಾನ್ಯ ತೆರಿಗೆ’ ಎಂಬ ಒಂದೇ ಬಾಬ್ತು. ಜಲಲಾಭ ತೆರಿಗೆ, ಮಲನಿಸ್ಸಾರಣ ತೆರಿಗೆ, ಶಿಕ್ಷಣ ಸೆಸ್, ಬೀದಿ ತೆರಿಗೆ, ಗಿಡಮರದ ಸೆಸ್ ಎಂದು ಬಿಲ್ಲಿನಲ್ಲಿ ಏಣಿಯ ಹಾಗೆ ಇಳಿಯುವ ಉಳಿದ ಸಾಲುಗಳು ಹಾಗೇ ಇದ್ದವು. ಹಳೆಯ ಬಾಕಿ ಇದ್ದವರಿಗೆ ಆ ಗೊಂದಲ ಇನ್ನೂ ಬಿಟ್ಟಿಲ್ಲ.

ಇನ್ನೊಂದು ಸಾಧ್ಯತೆ ನಮ್ಮ ಸೊಸೈಟಿಯಲ್ಲೇ ಆದದ್ದು. ಇಡೀ ಕಟ್ಟಡಕ್ಕೆ ಒಂದೇ ಬಿಲ್ಲು. ಎಲ್ಲ ಮನೆಗಳೂ ಸಣ್ಣವು, ಆದರೂ ಮೊತ್ತ ಸೊನ್ನೆಯಾಗಲಿಲ್ಲ. ಹಿಂದಿನ ಪುಟ ತಿರುವಿ ನೋಡಿದರೆ ಕೆಳಮಾಳಿಗೆಯ ಒಂದು ಕೋಣೆ ‘ವಾಣಿಜ್ಯ’ ಎಂದು ದಾಖಲಾಗಿದೆ. ಅಲ್ಲೊಬ್ಬ ದರ್ಜಿ ಇದ್ದದ್ದು ನಿಜ. ಅವನು ಹೊಲಿಗೆ ಮೆಷಿನ್ನು ಕಟ್ಟಿಕೊಂಡು ಊರಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು! ಈಗ ಅಲ್ಲಿ ಒಬ್ಬ ಅಜ್ಜಿ ಇದ್ದಾರೆ, ಕಿಟಕಿಯಲ್ಲಿ ತುಳಸಿ ಇದೆ. ನಾನು ವಾರ್ಡ್ ಕಚೇರಿಗೆ ನಾಲ್ಕು ಸಲ ಅಲೆದೆ. ಮೊದಲ ಸಲ ಅರ್ಜಿ ತೆಗೆದುಕೊಂಡವರು ‘ಆಯ್ತು, ನೋಡ್ತೇವೆ’ ಅಂದರು. ಎರಡನೇ ಸಲ ಹೋದಾಗ ಅರ್ಜಿಯೇ ಇಲ್ಲ. ಪಕ್ಕದ ಸಾಲಿನಲ್ಲಿದ್ದ ಮರಾಠಿ ಹೆಂಗಸೊಬ್ಬರು ‘ಪೋಚ್ ಘೇತಲೀ ಕಾ?’ ಎಂದು ಕೇಳಿದರು. ಪೋಚ್ ಅಂದರೆ ನಮ್ಮ ನಕಲಿನ ಮೇಲೆ ಅವರ ಠಸ್ಸೆ, ತಾರೀಖು, ಇನ್ವರ್ಡ್ ನಂಬರು. ತೆಗೆದುಕೊಂಡಿರಲಿಲ್ಲ. ಮೂರನೇ ಸಲ ಠಸ್ಸೆ ಹಾಕಿಸಿಕೊಂಡೆ, ನಾಲ್ಕನೇ ಸಲಕ್ಕೆ ಇನ್‌ಸ್ಪೆಕ್ಟರು ಬಂದು ಅಜ್ಜಿಯ ತುಳಸಿ ನೋಡಿ ಹೋದರು. ಮುಂದಿನ ಬಿಲ್ಲಿನಲ್ಲಿ ದರ್ಜಿ ಮಾಯ.

ತಪ್ಪಿದೆ ಎಂದು ಕಟ್ಟದೆ ಕೂರಬೇಡಿ. ತಡವಾದರೆ ತಿಂಗಳಿಗೆ ಎರಡು ಪರ್ಸೆಂಟ್ ದಂಡ. ಆಕ್ಷೇಪ ಬರೆದುಕೊಟ್ಟು, ಕಟ್ಟಿ, ಆಮೇಲೆ ಜಗಳಾಡಿ.

ಬ್ಯಾಂಕಿನಲ್ಲಿ 80 ಸಾವಿರ ಕೋಟಿ ಠೇವಣಿ ಇಟ್ಟುಕೊಂಡೂ ಗುಂಡಿ ಮುಚ್ಚಲು ಆಗಲ್ಲವೇ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು, ಅದೂ ಜುಲೈ ತಿಂಗಳಲ್ಲಿ.

ಠೇವಣಿ ಇರುವುದು ನಿಜ. 2022ರ ಸುಮಾರಿಗೆ 92 ಸಾವಿರ ಕೋಟಿಯ ಹತ್ತಿರ ಇದ್ದದ್ದು 2025ಕ್ಕೆ 82 ಸಾವಿರದ ಆಸುಪಾಸಿಗೆ ಇಳಿದಿದೆ. ಆದರೆ ಅದೆಲ್ಲ ಎತ್ತಿ ಖರ್ಚು ಮಾಡುವ ದುಡ್ಡಲ್ಲ. ನೌಕರರ ಭವಿಷ್ಯನಿಧಿ, ಪಿಂಚಣಿ, ಗುತ್ತಿಗೆದಾರರು ಇಟ್ಟ ಜಾಮೀನು ಮೊತ್ತ ಎಲ್ಲ ಅದರಲ್ಲೇ ಸೇರಿದೆ. ಮಗಳ ಮದುವೆಗೆಂದು ಇಟ್ಟ ಎಫ್‌ಡಿ ಮುರಿದು ಬಾಡಿಗೆ ಕಟ್ಟಿದ ಹಾಗಾಗುತ್ತದೆ.

ಇನ್ನೊಂದು ಕಡೆ ಒಪ್ಪಿಕೊಂಡ ಕೆಲಸಗಳ ಪಟ್ಟಿ ನೋಡಿ. ಮರೀನ್ ಡ್ರೈವಿನಿಂದ ವರಳಿಗೆ 10.58 ಕಿಲೋಮೀಟರಿನ ಕೋಸ್ಟಲ್ ರೋಡ್ ಆಯಿತು. ಈಗ ಅದನ್ನು ಉತ್ತರಕ್ಕೆ ಎಳೆಯುವ ಕೆಲಸ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿ ಜೋಡಿ ಸುರಂಗ ಕೊರೆಯುವ ಗೋರೆಗಾಂವ್-ಮುಲುಂಡ್ ರಸ್ತೆ, ವರಳಿ, ಬಾಂದ್ರಾ, ಧಾರಾವಿ, ಭಾಂಡುಪ್ ಸೇರಿ ಏಳು ಕಡೆ ಕೊಳಚೆ ನೀರು ಶುದ್ಧಿ ಮಾಡುವ ಘಟಕ, ರಸ್ತೆಗಳ ಕಾಂಕ್ರೀಟೀಕರಣ. ಹೀಗೆ ಒಪ್ಪಿಕೊಂಡ ಕೆಲಸಗಳ ಒಟ್ಟು ಭಾರ 2 ಲಕ್ಷ ಕೋಟಿ ದಾಟಿದೆ. ಠೇವಣಿಯ ಎರಡು ಪಟ್ಟಿಗಿಂತ ಹೆಚ್ಚು. 2025-26ರಲ್ಲಿ ಬಂಡವಾಳ ವೆಚ್ಚವೇ 43,162 ಕೋಟಿ, ಅಂದರೆ ಬಜೆಟ್ಟಿನ ನೂರಕ್ಕೆ 58. ಅದಕ್ಕೆ ಸಾಲದೆ ಬಂದದ್ದನ್ನು ತುಂಬಿಸಲು ತನ್ನದೇ ವಿಶೇಷ ನಿಧಿಗಳಿಂದ 16 ಸಾವಿರ ಕೋಟಿಗೂ ಹೆಚ್ಚು ‘ಆಂತರಿಕ ಸಾಲ’ ಎತ್ತುವುದೆಂದು ಬರೆದುಕೊಂಡಿದೆ. ಬಲಜೇಬಿನಿಂದ ಎಡಜೇಬಿಗೆ. ಹಿಂದಿರುಗಿಸುವ ದಿನ ಯಾವುದು ಎಂದು ಕೇಳಬೇಕಾದದ್ದು ಅಲ್ಲಿ.

ಹಾಗೆಂದು ಗುಂಡಿಗೆ ಇದು ನೆಪವಲ್ಲ. ಗುಂಡಿ ಮುಚ್ಚಲು ಬೇಕಾದದ್ದು ಆ ಸಾವಿರ ಕೋಟಿಗಳಲ್ಲ. ರಸ್ತೆ ಅಗೆದ ಕೇಬಲ್ಲಿನವನನ್ನು ಸರಿಯಾಗಿ ಮುಚ್ಚು ಎಂದು ಹಿಡಿದು ನಿಲ್ಲಿಸುವ ಮನುಷ್ಯ ಬೇಕು. ಅವನಿಗೆ ಬಜೆಟ್ಟಿನಲ್ಲಿ ಸಾಲಿಲ್ಲ.

ನಗರಸೇವಕರೇ (ಚುನಾಯಿತ ಕಾರ್ಪೊರೇಟರುಗಳೇ) ಇಲ್ಲದಿದ್ದಾಗ ಬಜೆಟ್ ಪಾಸು ಮಾಡಿದ್ದು ಯಾರು?

2025-26ರ ಪುಸ್ತಕವನ್ನು ನಾನು ಆರಿಸಿಕೊಂಡದ್ದು ಇದಕ್ಕೇ.

1888ರ ಮುಂಬಯಿ ಪಾಲಿಕೆ ಕಾಯಿದೆಯ ಕ್ರಮ ಹೀಗೆ: ಆಯುಕ್ತರು ಫೆಬ್ರುವರಿ 5ರೊಳಗೆ ಬಜೆಟ್ಟನ್ನು ಸ್ಥಾಯೀ ಸಮಿತಿಯ ಮುಂದಿಡಬೇಕು. ಸಮಿತಿ ಜಗ್ಗಾಡಿ, ತಿದ್ದಿ, ಮಹಾಸಭೆಗೆ ಕಳಿಸಬೇಕು. ಅಲ್ಲಿ 227 ನಗರಸೇವಕರು ತಂತಮ್ಮ ಗಲ್ಲಿಯ ಗಟಾರದ ಬಗ್ಗೆ ಕೂಗಾಡಬೇಕು. ಆ ಮೇಲೆ ಮಾರ್ಚ್ ಮುಗಿಯುವುದರೊಳಗೆ ಒಪ್ಪಿಗೆ. ಕೂಗಾಟ ನೋಡಲು ಚೆನ್ನಾಗಿರುವುದಿಲ್ಲ, ಸ್ಥಾಯೀ ಸಮಿತಿಯಲ್ಲಿ ನಡೆಯುತ್ತಿದ್ದ ‘ಹೊಂದಾಣಿಕೆ’ಯ ಕತೆಗಳಿಗೂ ಬರವಿಲ್ಲ. ಆದರೂ ಒಬ್ಬ ಬರೆದದ್ದನ್ನು ಇನ್ನೊಬ್ಬ ಓದುತ್ತಿದ್ದ.

2022ರ ಮಾರ್ಚ್ 7ಕ್ಕೆ ಆ ಸಭೆಯ ಅವಧಿ ಮುಗಿಯಿತು. ವಾರ್ಡುಗಳು 227 ಇರಬೇಕೋ 236 ಇರಬೇಕೋ ಎಂಬ ತಕರಾರು, ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ ಎಲ್ಲ ಸೇರಿ ಚುನಾವಣೆ ಮುಂದೆ ಮುಂದೆ ಹೋಯಿತು. ಸರ್ಕಾರ ಆಯುಕ್ತರನ್ನೇ ಆಡಳಿತಾಧಿಕಾರಿ ಮಾಡಿತು, ಸ್ಥಾಯೀ ಸಮಿತಿಯ ಅಧಿಕಾರವೂ ಅವರದೇ, ಮಹಾಸಭೆಯದೂ ಅವರದೇ. 2023, 2024, 2025ರ ಮೂರು ಫೆಬ್ರುವರಿಗಳಲ್ಲೂ ಆಯುಕ್ತರ ಕಚೇರಿಯಲ್ಲಿ ತಯಾರಾದ ಬಜೆಟ್ಟಿಗೆ ಆಯುಕ್ತರದೇ ಒಪ್ಪಿಗೆ. ಗಾತ್ರ ಅರವತ್ತು ಪರ್ಸೆಂಟಿಗೂ ಹೆಚ್ಚು ಬೆಳೆದದ್ದು ಇದೇ ಕಾಲದಲ್ಲಿ ಎಂಬುದನ್ನು ಮೇಲಿನ ಅಂಕಿಗಳ ಪಕ್ಕ ಇಟ್ಟು ನೋಡಿ. ನಮ್ಮ ಸೊಸೈಟಿಯಲ್ಲಿ ಖಜಾಂಚಿ ಬರೆದ ಲೆಕ್ಕಕ್ಕೆ ಖಜಾಂಚಿಯೇ ಸಹಿ ಹಾಕಿದರೆ ವಾರ್ಷಿಕ ಸಭೆಯಲ್ಲಿ ಕುರ್ಚಿ ಹಾರುತ್ತದೆ. ಇಲ್ಲಿ ಮೂರು ವರ್ಷ ಹಾಗೇ ನಡೆಯಿತು, ಕುರ್ಚಿ ಹಾರಿಸಲು ಸಭೆಯೇ ಇರಲಿಲ್ಲ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಚುನಾವಣೆ ನಡೆಸಿ ಎಂದು ಗದರಿತು, ಕೊನೆಗೆ 2026ರ ಜನವರಿ 15ಕ್ಕೆ ಮತದಾನವಾಯಿತು.

ನಗರಸೇವಕರು ಇದ್ದಾಗ ಮಾತ್ರ ಎಲ್ಲ ಸರಿ ಇತ್ತೇ?

ಇಲ್ಲ ಮಾರಾಯರೇ. 2019ರ ನವೆಂಬರಿನಿಂದ 2022ರ ಅಕ್ಟೋಬರ್‌ವರೆಗಿನ ಕೆಲಸಗಳ ಬಗ್ಗೆ ಸಿಎಜಿಯ (ಸರ್ಕಾರಿ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ) ವಿಶೇಷ ವರದಿ 2023ರ ಮಾರ್ಚಿನಲ್ಲಿ ವಿಧಾನಸಭೆಗೆ ಬಂತು. ಟೆಂಡರನ್ನೇ ಕರೆಯದೆ 20 ಕೆಲಸಗಳನ್ನು, ಒಟ್ಟು 214.48 ಕೋಟಿಯಷ್ಟು, ಹಂಚಲಾಗಿದೆ ಎಂದು ಅದರಲ್ಲಿತ್ತು. ಆ ಅವಧಿಯ ಹೆಚ್ಚಿನ ಭಾಗದಲ್ಲಿ ಸಭೆ ಕೂತೇ ಇತ್ತು.

ಬರೆದಷ್ಟೂ ಖರ್ಚಾಗುತ್ತದೆಯೇ?

ಬಜೆಟ್ ಪುಸ್ತಕದಲ್ಲಿ ಮೂರು ಕಾಲಂ ಹುಡುಕಿ: ಅಂದಾಜು, ಸುಧಾರಿತ ಅಂದಾಜು, ವಾಸ್ತವ. ಪೇಪರಿನ ತಲೆಬರಹ ಆಗುವುದು ಮೊದಲನೆಯದು. 2024-25ಕ್ಕೆ 59,954 ಕೋಟಿ ಎಂದಿದ್ದದ್ದು ವರ್ಷದ ನಡುವೆ ಸುಧಾರಿಸಿ 65,180 ಕೋಟಿಯಾಯಿತು. ಮೂರನೇ ಕಾಲಂ ಬರುವುದು ಎರಡು ವರ್ಷ ತಡವಾಗಿ, ಅಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ. ನಾನು ಪುಸ್ತಕ ತೆರೆದರೆ ಅಲ್ಲಿಂದಲೇ ಓದುತ್ತೇನೆ.

ಇಂಗ್ಲಿಷ್ ಅಕ್ಷರಗಳಿಗೂ ಹೆದರಬೇಡಿ. ಎ ಎಂದರೆ ಸಾಮಾನ್ಯ ಬಜೆಟ್ಟು, ಜಿ ಎಂದರೆ ನೀರು ಮತ್ತು ಕೊಳಚೆ, ಇ ಎಂದರೆ ಶಿಕ್ಷಣ, ಸಿ ಎಂದರೆ ಬೆಸ್ಟ್.

ವರ್ಷವರ್ಷ ನಾಲೆಯ ಹೂಳು ಎತ್ತುತ್ತಾರೆ, ವರ್ಷವರ್ಷ ನೀರು ನಿಲ್ಲುತ್ತದೆ. ದುಡ್ಡು ಎಲ್ಲಿ ಹೋಗುತ್ತದೆ?

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ ಕುತ್ತಿಗೆಮಟ್ಟ ನೀರಿನಲ್ಲಿ ನಡೆದವರು ನಮ್ಮಲ್ಲಿ ಎಷ್ಟೋ ಮಂದಿ. ಹೂಳಿನ ಮೇಲೆ ಪಾಲಿಕೆ ದುಡ್ಡು ಸುರಿಯಲು ಧಾರಾಳಿಯಾದದ್ದು ಆಮೇಲೆ.

ಹೂಳಿನ ತೊಂದರೆ ಏನೆಂದರೆ ಅದನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಾರೆ, ಕೊಂಡದ್ದನ್ನು ಬಿಸಾಕುತ್ತಾರೆ. ಲಾರಿ ಎಷ್ಟು ಸಲ ಹೋಯಿತು, ಎಷ್ಟು ತೂಗಿತು ಎಂಬ ಚೀಟಿಯೇ ಸಾಕ್ಷಿ. ಮಳೆ ಬಂದ ಮೇಲೆ ಎತ್ತಿದ್ದೆಷ್ಟು ಬಿಟ್ಟದ್ದೆಷ್ಟು ಎಂದು ಅಳೆಯುವವರಿಲ್ಲ. ಮೀಠಿ ನದಿಯ ಹೂಳಿನ ಬಗ್ಗೆ 2025ರ ಮೇ ತಿಂಗಳಲ್ಲಿ ಪೊಲೀಸರ ಆರ್ಥಿಕ ಅಪರಾಧ ವಿಭಾಗ ದಾಖಲಿಸಿದ ಪ್ರಕರಣದಲ್ಲಿ ಆರೋಪವಿರುವುದು ಸುಮಾರು 65 ಕೋಟಿಯ ನಷ್ಟದ್ದು. ಕೋರ್ಟು ಏನು ಹೇಳುತ್ತದೋ ಕಾಯಬೇಕು. ಅದೇ ವರ್ಷ ಗುತ್ತಿಗೆದಾರರು ಕಳಿಸುವ ವಿಡಿಯೋಗಳನ್ನು ಕೃತಕ ಬುದ್ಧಿಮತ್ತೆಯಿಂದ ಪರೀಕ್ಷಿಸುವ ಏರ್ಪಾಡೂ ಬಂತು. ಮನುಷ್ಯಬುದ್ಧಿ ಕೈಕೊಟ್ಟಲ್ಲಿ ಅದಾದರೂ ನಿಲ್ಲಲಿ.

ಬೆಸ್ಟ್ ಟಿಕೆಟ್ಟು ಒಮ್ಮೆಗೇ ದುಪ್ಪಟ್ಟು ಮಾಡಿದ್ದು ಸರಿಯೇ?

2019ರ ಜುಲೈಯಲ್ಲಿ ಕನಿಷ್ಠ ದರ 5 ರೂಪಾಯಿಗೆ ಇಳಿಸಿದಾಗ ಚಪ್ಪಾಳೆ ತಟ್ಟಿದೆವು. 2025ರ ಮೇ 9ಕ್ಕೆ ಅದು 10 ಆಯಿತು, ಎಸಿ ಬಸ್ಸಿನದು 6ರಿಂದ 12. 1947ರ ಆಗಸ್ಟ್ 7ರಿಂದ ಬೆಸ್ಟ್ ಪಾಲಿಕೆಯದು. ಹಿಂದೆ ಬೆಸ್ಟಿನದೇ ವಿದ್ಯುತ್ ವಿಭಾಗದ ದುಡ್ಡು ಬಸ್ಸಿನ ನಷ್ಟ ತುಂಬುತ್ತಿತ್ತು, ಆ ದಾರಿ ಮುಚ್ಚಿತು. ಈಗ ಪಾಲಿಕೆ ಅನುದಾನವೇ ಗತಿ, 2025-26ರಲ್ಲಿ 1,000 ಕೋಟಿ. ಸುರಂಗಕ್ಕೆ, ಸಮುದ್ರದ ರಸ್ತೆಗೆ ಹತ್ತಾರು ಸಾವಿರ ಕೋಟಿ ಹುಡುಕುವ ಪಾಲಿಕೆಗೆ ಬಸ್ಸಿನ ಸಾವಿರ ಕೋಟಿ ‘ಹೊರೆ’ ಅನ್ನಿಸುತ್ತದೆ. ಕೋಸ್ಟಲ್ ರೋಡಿನಲ್ಲಿ ನಮ್ಮ ಹೋಟೆಲಿನ ಹುಡುಗರು ಕಾರು ಓಡಿಸುವುದಿಲ್ಲ, ಇಷ್ಟೇ ನನ್ನ ತಕರಾರು.

ಪಾಲಿಕೆಯ ಕನ್ನಡ ಶಾಲೆಗಳಿಗೆ ದುಡ್ಡಿಲ್ಲವೇ?

ದುಡ್ಡಿದೆ, ಮಕ್ಕಳಿಲ್ಲ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅದರಲ್ಲಿ ಒಂದು. ಸಮವಸ್ತ್ರ, ಬೂಟು, ಕೊಡೆ ಸೇರಿ 27 ವಸ್ತುಗಳು ಮಕ್ಕಳಿಗೆ ಉಚಿತ. ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೇ ಪಠ್ಯಪುಸ್ತಕ ಅಚ್ಚುಹಾಕುತ್ತದೆ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಇಂದು ಈ ಶಾಲೆಗಳ ಆಸರೆ. ವೇದಿಕೆಯಲ್ಲಿ ಕನ್ನಡ ಉಳಿಸಿ ಎನ್ನುವ ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿದ್ದಾರೆ, ನನ್ನ ಮಗಳೂ ಸೇರಿ. ಇದರಲ್ಲಿ ಬಜೆಟ್ಟಿನ ತಪ್ಪು ಹುಡುಕುವುದು ಕಷ್ಟ.

ಹೋಟೆಲಿನ ಕಸಕ್ಕೂ, ಮನೆ ಕಸಕ್ಕೂ ಶುಲ್ಕ ಹಾಕುತ್ತಾರಂತೆ?

2025ರ ಏಪ್ರಿಲ್‌ನಲ್ಲಿ ಕರಡು ಉಪವಿಧಿ ಬಂತು. 50 ಚದರ ಮೀಟರ್‌ವರೆಗಿನ ಮನೆಗೆ ತಿಂಗಳಿಗೆ 100 ರೂಪಾಯಿ, 300 ಚದರ ಮೀಟರ್‌ವರೆಗಿನದಕ್ಕೆ 500, ಅದಕ್ಕೂ ದೊಡ್ಡದಕ್ಕೆ 1,000, ಹೋಟೆಲು ಅಂಗಡಿಗಳಿಗೆ ಬೇರೆ ದರ. ಮೇ ಕೊನೆಯವರೆಗೆ ಆಕ್ಷೇಪಣೆಗೆ ಅವಕಾಶವಿತ್ತು. ಹೋಟೆಲಿನವರು ಇದಕ್ಕಿಂತ ಚಿಂತಿಸಬೇಕಾದದ್ದು ಇನ್ನೊಂದಿದೆ: ದಿನಕ್ಕೆ ನೂರು ಕಿಲೋ ದಾಟಿದರೆ ನೀವು ‘ಬೃಹತ್ ತ್ಯಾಜ್ಯ ಉತ್ಪಾದಕರು’, ಹಸಿಕಸವನ್ನು ನೀವೇ ಗೊಬ್ಬರ ಮಾಡಬೇಕು. ಇಡ್ಲಿ ಹಿಟ್ಟು ಇಡಲೇ ಜಾಗವಿಲ್ಲದ ಅಡುಗೆಮನೆಯಲ್ಲಿ ಗೊಬ್ಬರದ ಗುಂಡಿ ಎಲ್ಲಿ ತೋಡುವುದು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಲೆಕ್ಕ ಕೇಳಬೇಕೆಂದರೆ ಕನ್ನಡದಲ್ಲಿ ಅರ್ಜಿ ಹಾಕಬಹುದೇ?

ಮಾಹಿತಿ ಹಕ್ಕಿನ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು. ಇಲ್ಲಿ ಅದು ಮರಾಠಿ. ಮರಾಠಿಯಲ್ಲಿ ಬರೆದರೆ ಕೌಂಟರಿನವರ ಮುಖವೂ ಸ್ವಲ್ಪ ಸಡಿಲವಾಗುತ್ತದೆ, ಅನುಭವದ ಮಾತು. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ ಪಾಲಿಕೆಯೊಳಗೇ, ಎರಡನೆಯದು ರಾಜ್ಯ ಮಾಹಿತಿ ಆಯೋಗಕ್ಕೆ.

‘ನಮ್ಮ ವಾರ್ಡಿನ ಹಣ ಏನಾಯಿತು’ ಎಂದು ಕೇಳಿದರೆ ಏನೂ ಸಿಗುವುದಿಲ್ಲ. ‘ಇಂಥ ರಸ್ತೆ, ಇಂಥ ಚೌಕದಿಂದ ಇಂಥ ಚೌಕದವರೆಗೆ, ಕೆಲಸದ ಆದೇಶದ ಪ್ರತಿ, ಕೊಟ್ಟ ಬಿಲ್ಲಿನ ಪ್ರತಿ, ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ತಾರೀಖು’ ಎಂದು ಕೇಳಿ. ಆ ಕೊನೆಯ ತಾರೀಖು ಮುಖ್ಯ. ಅದರೊಳಗೆ ಗುಂಡಿ ಬಿದ್ದರೆ ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಮುಚ್ಚಬೇಕು.

ಇಷ್ಟೆಲ್ಲ ಆಗಲ್ಲ, ಬರೀ ಒಂದು ದೂರು ಕೊಟ್ಟರೆ ಸಾಕು ಎಂದರೆ?

1916ಕ್ಕೆ ಫೋನ್ ಮಾಡಿ. ದೂರಿನ ನಂಬರು ಕೇಳಿ ಬರೆದುಕೊಳ್ಳಿ. ಕಚೇರಿಗೇ ಹೋಗುವುದಾದರೆ ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಪೋಚ್ ಹಾಕಿಸಿಕೊಂಡೇ ಮೆಟ್ಟಿಲಿಳಿಯಿರಿ. ಊಟದ ಹೊತ್ತು ತಪ್ಪಿಸಿ ಹೋದರೆ ಒಳ್ಳೆಯದು.